ಬುರ್ಗೋಸ್‌ಗೆ ಹೋಗುವ ಸದಸ್ಯರ ಗಮನಕ್ಕೆ

ಸ್ಪೇನಿನ ಬುರ್ಗೋಸ್‌ನಲ್ಲಿ ಕೆಥೆಡ್ರಲ್ ಒಂದನ್ನೇ ನೋಡಿ ಹೊರಟುಬಿಡಬೇಡಿ. ಲಾಸ್ ವೆಲ್ಗಾಸ್ ಸನ್ಯಾಸಿನಿಯರ ಮಠಕ್ಕೆ ಅರ್ಧ ದಿನ ಎತ್ತಿಡಿ. 1187ರಲ್ಲಿ ಕಾಸ್ಟೀಲಿನ ದೊರೆ ಎಂಟನೆಯ ಅಲ್ಫೋನ್ಸೊ ಮತ್ತು ರಾಣಿ ಲಿಯೊನೋರ್ ಸ್ಥಾಪಿಸಿದ ಮಠವಿದು. ಇಬ್ಬರ ಸಮಾಧಿಯೂ ಇಲ್ಲಿಯೇ ಇದೆ. ಮಠದ ಮುಖ್ಯಸ್ಥೆ ಬಿಷಪ್‌ಗೂ ತಲೆಬಾಗಬೇಕಿರಲಿಲ್ಲ. ಹಲವು ಹಳ್ಳಿಗಳು ಆಕೆಯ ಆಡಳಿತದಲ್ಲಿದ್ದವು. ಚರ್ಚಿನೊಳಗಿನ ಆ ವಿಶೇಷಾಧಿಕಾರ 1873ರವರೆಗೂ ಉಳಿಯಿತು. ಎಂಥ ಗಟ್ಟಿ ಹೆಂಗಸರು!

ನೆಪೋಲಿಯನ್ನನ ಸೈನಿಕರು ರಾಜಸಮಾಧಿಗಳನ್ನು ಒಡೆದು ದೋಚಿದರೂ ರಾಜಕುಮಾರ ಫೆರ್ನಾಂಡೊ ದೆ ಲಾ ಸೆರ್ದಾನದು ಮಾತ್ರ ಅವರ ಕೈಗೆ ಸಿಗಲಿಲ್ಲ. 1275ರಲ್ಲಿ ತೀರಿಕೊಂಡ ಅವನ ಉಡುಪು ಇಂದು ಮಠದ ವಸ್ತ್ರ ಸಂಗ್ರಹಾಲಯದಲ್ಲಿದೆ. ಕೋಟೆ, ಸಿಂಹಗಳ ಚಿತ್ತಾರವಿರುವ ಅವನ ಟೋಪಿಯನ್ನು ಹತ್ತಿರ ನಿಂತು ನೋಡಿ. ಸನ್ಯಾಸಿನಿಯರು ಈಗಲೂ ಅಲ್ಲಿ ವಾಸಿಸುತ್ತಾರೆ. ಭೇಟಿಯ ಸಮಯವನ್ನು ಮೊದಲೇ ವಿಚಾರಿಸಿಕೊಂಡು ಹೋಗಿ.