ಬೆಳಕು ಹಿಡಿಯುವವರ ಹೆಸರೂ ಬರಲಿ

ಮಾನ್ಯ ಸಂಪಾದಕರೇ,

ನಿಮ್ಮ ಸಿನಿಮಾ ಪುಟದಲ್ಲಿ ಮೊನ್ನೆ ಬಂದ ಒಂದು ದೊಡ್ಡ ಚಿತ್ರದ ವಿಮರ್ಶೆ ಓದಿದೆ. ಹೀರೋಗೆ ಅರ್ಧ ಕಾಲಂ, ಬಜೆಟ್‌ಗೆ ಒಂದು ಪ್ಯಾರಾ. ಕ್ಯಾಮೆರಾ, ಗ್ರಾಫಿಕ್ಸ್ ಎರಡಕ್ಕೂ ಸೇರಿ ಕೊನೆಯಲ್ಲಿ ಒಂದೇ ಸಾಲು. ನಾನು ಹಾಸನದಲ್ಲಿ ಮದುವೆ ವಿಡಿಯೋ ಮಾಡುವವನು, ದಿನವಿಡೀ ಇದೇ ಕೆಲಸ. ನನಗೆ ಬೇಜಾರಾಯಿತು.

ಆ ಸಿನಿಮಾ ನಾನೂ ನೋಡಿದ್ದೇನೆ. ಹೀರೋ ಬೆಟ್ಟದ ತುದಿಯಲ್ಲಿ ನಿಂತಿದ್ದಾನೆ, ಬೆನ್ನ ಹಿಂದೆ ಸೂರ್ಯ ಮುಳುಗುತ್ತಿದ್ದಾನೆ. ಆದರೆ ಮುಖದ ಮೇಲೆ ಮಧ್ಯಾಹ್ನದ ಬಿಸಿಲು, ಮೂಗಿನ ನೆರಳು ನೇರ ತುಟಿ ಮೇಲೆ ಬಿದ್ದಿದೆ. ಕಾಲಡಿ ನೆರಳೇ ಇಲ್ಲ. ಮಂಜಿನದೂ ಅದೇ ಕಥೆ. ಮುಳ್ಳಯ್ಯನಗಿರಿ ಹತ್ತಿದವರಿಗೆ ಗೊತ್ತು, ಮಂಜು ಇದ್ದಾಗ ಹತ್ತಿರದ ಹುಲ್ಲು ಹಸಿರಾಗಿಯೇ ಕಾಣುತ್ತದೆ, ಆಚೆಯ ಗುಡ್ಡ ಮಂಕು, ಅದರಾಚೆಯದು ಬರೀ ಬೂದಿ ಬಣ್ಣ. ಇಲ್ಲಿ ದೂರದ ಬೆಟ್ಟ ಕಡೆದಿಟ್ಟ ಹಾಗೆ ಸ್ಪಷ್ಟ, ನಡುವೆ ಹತ್ತಿ ಅಂಟಿಸಿದ ಹಾಗೆ ಮಂಜು. ಗ್ರಾಫಿಕ್ಸ್ ಕಳಪೆ ಅಂತ ಎಲ್ಲರೂ ಬೈದರು. ನನ್ನ ಪ್ರಕಾರ ಶೂಟಿಂಗ್ ದಿನ ಲೈಟ್ ಇಟ್ಟಾಗಲೇ ಅದು ಕೆಟ್ಟಿತ್ತು. ಹಿಂದೆ ಯಾವ ಆಕಾಶ ಬರುತ್ತದೆ, ಸೂರ್ಯ ಯಾವ ಕಡೆ ಅನ್ನುವುದು ಕ್ಯಾಮೆರಾ ಹಿಡಿದವನಿಗೆ ಮೊದಲೇ ಗೊತ್ತಿರಬೇಕು ಅಲ್ವಾ? ಆಮೇಲೆ ಕಂಪ್ಯೂಟರ್‌ನಲ್ಲಿ ಬೆಟ್ಟ ಬದಲಾಯಿಸಬಹುದು, ಮೂಗಿನ ನೆರಳು ತಿರುಗಿಸುವುದು ಬಹಳ ಕಷ್ಟ.

ನನಗೇ ಒಮ್ಮೆ ಹೀಗಾಗಿತ್ತು. ಹಸಿರು ಬಟ್ಟೆ ಕಟ್ಟಿ ಮದುಮಕ್ಕಳನ್ನು ನಿಲ್ಲಿಸಿ, ಹಿಂದೆ ಬೇಲೂರು ಗುಡಿ ಕೂರಿಸೋಣ ಅಂತ ಹೊರಟೆ. ಮದುಮಗಳ ಸೀರೆ ಅಂಚು ಗಿಳಿಹಸಿರು. ಕಂಪ್ಯೂಟರ್‌ನಲ್ಲಿ ಬಟ್ಟೆಯ ಹಸಿರು ಬಣ್ಣ ತೆಗೆದ ಕೂಡಲೇ ಸೀರೆ ಅಂಚೂ ಹೋಯಿತು, ಅಲ್ಲೆಲ್ಲ ಗುಡಿಯ ಕಲ್ಲು ಕಾಣಿಸಿತು. ಬಟ್ಟೆಯ ಹಸಿರು ಕೆನ್ನೆಗೂ ತಾಗಿತ್ತು. ಒಂದೊಂದೇ ಫ್ರೇಮ್, ಅಂದರೆ ವಿಡಿಯೋದ ಒಂದೊಂದೇ ಚಿತ್ರ, ಹಿಡಿದು ಕೈಯಲ್ಲಿ ಅಂಚು ಬಿಡಿಸಿದೆ, ಕೆಲವೇ ಸೆಕೆಂಡಿನ ತುಣುಕಿಗೆ ಎರಡು ರಾತ್ರಿ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್. ಮೂರು ಗಂಟೆ ಸಿನಿಮಾಕ್ಕೆ ಎಷ್ಟು ಜನ ಎಷ್ಟು ರಾತ್ರಿ ಕೂತಿರಬೇಕು, ಲೆಕ್ಕ ಹಾಕಿ.

ಒಳ್ಳೆಯ ಉದಾಹರಣೆ ನಮ್ಮಲ್ಲೇ ಇದೆ. 2018ರ ಕೆಜಿಎಫ್‌ನಲ್ಲಿ ಭುವನ್ ಗೌಡ ಅವರ ಕ್ಯಾಮೆರಾ ನೋಡಿ. ಧೂಳು, ಹೊಗೆ, ಕತ್ತಲು. ಅದು ಸುಮ್ನೆ ಅಂದಕ್ಕಲ್ಲ. ಹಾಗೆ ಧೂಳು ತುಂಬಿದ ಕಡೆ ಕಟ್ಟಿದ ಸೆಟ್ ಎಲ್ಲಿ ಮುಗಿಯಿತು, ಕಂಪ್ಯೂಟರ್‌ದು ಎಲ್ಲಿ ಶುರುವಾಯಿತು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಆ ಚಿತ್ರದ ಸ್ಪೆಷಲ್ ಎಫೆಕ್ಟ್ಸ್‌ಗೆ ರಾಷ್ಟ್ರಪ್ರಶಸ್ತಿಯೂ ಬಂತು. ಇನ್ನೂ ಹಿಂದೆ, 1959ರಲ್ಲಿ, ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಅವರು ಹಿಂದಿಯ ಕಾಗಜ್ ಕೆ ಫೂಲ್ ಚಿತ್ರಕ್ಕೆ ಹೊರಗಿನ ಬಿಸಿಲನ್ನೇ ಕನ್ನಡಿಯಿಂದ ತಿರುಗಿಸಿ ಸ್ಟುಡಿಯೋ ಒಳಗೆ ಬೆಳಕಿನ ಕಂಬ ನಿಲ್ಲಿಸಿದ್ದರು. ಆಗ ಕಂಪ್ಯೂಟರ್ ಎಲ್ಲಿತ್ತು! ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರು. ನಮ್ಮ ಸ್ಟುಡಿಯೋಗೆ ಕೆಲಸ ಕಲಿಯಲು ಬರುವ ಹುಡುಗರಿಗೆ ಅವರ ಹೆಸರೇ ಗೊತ್ತಿಲ್ಲ.

ಮುಂದಿನ ದೊಡ್ಡ ಚಿತ್ರದ ವಿಮರ್ಶೆಯಲ್ಲಿ ನಾಲ್ಕೇ ನಾಲ್ಕು ಸಾಲು ಜಾಸ್ತಿ ಕೊಡಿ. ಕ್ಯಾಮೆರಾ ಯಾರದು, ಗ್ರಾಫಿಕ್ಸ್ ಯಾರು ಮಾಡಿದರು, ಎಲ್ಲಿ ಬೆಳಕು ಕೂಡಿತು, ಎಲ್ಲಿ ತಪ್ಪಿತು ಅಂತ ಬರೆಯಿರಿ. ಆ ಪುಟ ಕತ್ತರಿಸಿ ಸ್ಟುಡಿಯೋ ಗೋಡೆಗೆ ಅಂಟಿಸುತ್ತೇನೆ.

– ಒಬ್ಬ ವಿಡಿಯೋಗ್ರಾಫರ್, ಹಾಸನ