ರಜೆ ಆಮೇಲೆ ಹಾಕು, ಮೊದಲು ಹಬ್ಬ ಯಾವಾಗ ನೋಡು

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿ ತುಂಬಾ ಖುಷಿಯಾಯಿತು. ಆಕ್ಲೆಂಡಿಗೆ ಬಂದು ನಮ್ಮ ಮನೆಯಲ್ಲಿ ಇದ್ದು, ಇಲ್ಲಿಂದ ಪೆಸಿಫಿಕ್ ದ್ವೀಪಗಳಿಗೆ ಹೋಗುವ ಯೋಚನೆ ಚೆನ್ನಾಗಿದೆ. ಆದರೆ ಡಿಸೆಂಬರ್ ಬೇಡ. ನವೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ಮಳೆ ಜಾಸ್ತಿ, ಚಂಡಮಾರುತದ ಕಾಲವೂ ಅದೇ. ಬರೀ ಸಮುದ್ರ ನೋಡಿ ಬರುವುದಾದರೆ ಹೇಗೋ ನಡೆದೀತು. ನೀನು ಕೇಳಿದ್ದು ಅಲ್ಲಿನ ಜನರ ಹಬ್ಬ, ಅವರ ಆಟ. ಅದಕ್ಕೆ ನಮ್ಮ ರಜೆಯ ಲೆಕ್ಕ ನಡೆಯುವುದಿಲ್ಲ.

ವನುವಾಟು ದೇಶದ ಪೆಂಟೆಕೋಸ್ಟ್ ದ್ವೀಪವನ್ನೇ ತಗೋ. ದ್ವೀಪದ ದಕ್ಷಿಣ ಭಾಗದ ಹಳ್ಳಿಗಳಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ‘ನಾಗೋಲ್’ ನಡೆಯುತ್ತದೆ. ಮರ ಕಡಿದು ತಂದು, ಒಂದು ಮೊಳೆಯೂ ಇಲ್ಲದೆ ಬಳ್ಳಿಯಲ್ಲೇ ಬಿಗಿದು, 20–30 ಮೀಟರ್ ಎತ್ತರದ ಅಟ್ಟಣೆ ಕಟ್ಟುತ್ತಾರೆ. ಗಂಡಸರು, ಹುಡುಗರು ಕಾಲಿಗೆ ಬಳ್ಳಿ ಕಟ್ಟಿಕೊಂಡು ಅಲ್ಲಿಂದ ತಲೆಕೆಳಗಾಗಿ ಹಾರುತ್ತಾರೆ. ಕೆಳಗೆ ಹೆಂಗಸರು ಹಾಡುತ್ತಾ ಕುಣಿಯುತ್ತಾರೆ. ಬಳ್ಳಿ ಎಷ್ಟು ಉದ್ದ ಇರಬೇಕು ಅನ್ನುವುದು ಹಿರಿಯರ ಕಣ್ಣಳತೆ. ಉದ್ದವಾದರೆ ಹುಡುಗ ನೆಲಕ್ಕೆ ಬಡಿಯುತ್ತಾನೆ, ಗಿಡ್ಡವಾದರೆ ತೂಗಿಕೊಂಡು ಹೋಗಿ ಅಟ್ಟಣೆಗೇ ಬಡಿಯುತ್ತಾನೆ. ಹಾರಿದವನ ಭುಜ ಮಣ್ಣನ್ನು ಸವರಿದರೆ ಗೆಣಸಿನ ಬೆಳೆ ಚೆನ್ನಾಗಿ ಬರುತ್ತದೆ ಎಂದು ಅವರ ನಂಬಿಕೆ. ಇದನ್ನು ನೋಡಿ ಕಲಿತ ಹೊರಗಿನವರು ರಬ್ಬರ್ ಹಗ್ಗ ಕಟ್ಟಿಕೊಂಡು ಹಾರಲು ಶುರು ಮಾಡಿದರು. ಈಗ ಎಲ್ಲರಿಗೂ ಗೊತ್ತಿರುವ ಬಂಗೀ ಜಂಪಿಂಗ್ ಅದೇ.

ಇದು ಯಾಕೆ ಆ ತಿಂಗಳುಗಳಲ್ಲೇ? ಮಳೆಗಾಲ ಮುಗಿಯುವ ಹೊತ್ತಿಗೆ ಬಳ್ಳಿಯಲ್ಲಿ ನೀರಿನಂಶ ತುಂಬಿರುತ್ತದೆ. ಜಗ್ಗಿದರೆ ಹಿಗ್ಗುತ್ತದೆ. ಬೇರೆ ಕಾಲದಲ್ಲಿ ಅದನ್ನು ನಂಬುವ ಹಾಗಿಲ್ಲ. 1974ರ ಫೆಬ್ರವರಿಯಲ್ಲಿ ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಅಲ್ಲಿಗೆ ಬಂದರು. ಆಗ ಆ ನಾಡನ್ನು ಬ್ರಿಟನ್, ಫ್ರಾನ್ಸ್ ಎರಡೂ ಸೇರಿ ಆಳುತ್ತಿದ್ದವು. ಅತಿಥಿಗೆ ತೋರಿಸಬೇಕು ಎಂದು ಕಾಲವಲ್ಲದ ಕಾಲದಲ್ಲಿ ಹಾರಿಸಿದರು. ಬಳ್ಳಿ ತಡೆಯಲಿಲ್ಲ. ಹಾರಿದವನೊಬ್ಬ ಸತ್ತುಹೋದ. ನೋಡಲು ಬಂದವರ ಅನುಕೂಲಕ್ಕೆ ಹಬ್ಬದ ದಿನ ಬದಲಿಸಿದ್ದಕ್ಕೆ ಒಂದು ಜೀವ ಹೋಯಿತು. ಅದಕ್ಕೇ ನಿನಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆದರೂ ಹೋಗಲು ಒಂದೇ ಒಂದು ಜಾಗ ಹೇಳು ಅಂದರೆ, ಫ್ರೆಂಚ್ ಪಾಲಿನೇಷ್ಯಾದ ತಾಹಿತಿ ದ್ವೀಪ ಅನ್ನುತ್ತೇನೆ. ಜುಲೈ ತಿಂಗಳಲ್ಲಿ ಪಪೇಟೆ ಪಟ್ಟಣದಲ್ಲಿ ‘ಹೇವಾ ಇ ತಾಹಿತಿ’ ಎಂಬ ಹಾಡು, ಕುಣಿತ, ಆಟಗಳ ಹಬ್ಬ ನಡೆಯುತ್ತದೆ. ಅದು ಜುಲೈಗೆ ಬಂದ ಕಥೆ ಬೇರೆಯೇ. ಮಿಷನರಿಗಳು ಬಂದ ಮೇಲೆ, 1819ರಲ್ಲಿ ಅಲ್ಲಿನ ರಾಜ ಎರಡನೇ ಪೊಮಾರೆ ತಂದ ಕಾನೂನು ಹಳೆಯ ಕುಣಿತವನ್ನು ನಿಷೇಧಿಸಿತು. 1880ರಲ್ಲಿ ದ್ವೀಪ ಫ್ರಾನ್ಸಿನ ವಶವಾಯಿತು. ಮರುವರ್ಷದಿಂದ ಫ್ರಾನ್ಸಿನ ರಾಷ್ಟ್ರೀಯ ದಿನವಾದ ಜುಲೈ 14ರ ಸಂಭ್ರಮಕ್ಕೆ ಹಾಡು, ಆಟ, ದೋಣಿ ಸ್ಪರ್ಧೆ ಶುರುವಾದವು. ಆಳುವವರ ಹಬ್ಬದ ನೆಪದಲ್ಲಿ ಜನ ತಮ್ಮ ಹಬ್ಬವನ್ನು ಉಳಿಸಿಕೊಂಡರು. 1956ರಲ್ಲಿ ಮದೆಲೀನ್ ಮೌವಾ ಎಂಬ ಶಾಲೆಯ ಟೀಚರ್ ತಂಡ ಕಟ್ಟಿದರು. ಮರ್ಯಾದಸ್ಥರ ಮನೆಯ ಹುಡುಗಿಯರು ಮಾಡುವಂಥದ್ದಲ್ಲ ಎನ್ನಿಸಿಕೊಂಡಿದ್ದ ಕುಣಿತವನ್ನು ಅವರು ಗೌರವದಿಂದ ವೇದಿಕೆಗೆ ತಂದರು. ಹಬ್ಬಕ್ಕೆ ಈಗಿನ ಹೆಸರು ಬಂದಿದ್ದು 1985ರಲ್ಲಿ. ಮೌವಾ ಅವರ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ.

ತೋಆಟಾ ಎಂಬ ಬಯಲು ರಂಗಮಂದಿರದಲ್ಲಿ ರಾತ್ರಿ ಸ್ಪರ್ಧೆ. ಒಂದೊಂದು ತಂಡದಲ್ಲಿ ನೂರಕ್ಕೂ ಹೆಚ್ಚು ಜನ. ಮರದ ದಿಮ್ಮಿ ಕೊರೆದು ಮಾಡಿದ ‘ತೋಎರೆ’ ಬಾರಿಸಲು ಶುರು ಮಾಡಿದರೆ ನಾವು ಕೂತ ಕಡೆಯೇ ಅದುರಿದ ಹಾಗಾಗುತ್ತದೆ. ಹೆಂಗಸರ ಸೊಂಟ ಬಿರುಸಾಗಿ ಆಡುತ್ತಿರುತ್ತದೆ, ಭುಜ ಮಾತ್ರ ಅಲುಗುವುದಿಲ್ಲ. ಹಸಿ ಎಲೆ, ಹೂವಿನ ಉಡುಪು ಬಾಡಬಾರದಲ್ಲ, ಅದಕ್ಕೆ ಹೊಸದಾಗಿಯೇ ಕಟ್ಟುತ್ತಾರೆ. ಪ್ರತಿ ತಂಡವೂ ಒಂದು ಕಥೆಯನ್ನು ಆರಿಸಿ, ತಾಹಿತಿ ಭಾಷೆಯಲ್ಲಿ ಬರೆದು, ಹಾಡಿ, ಕುಣಿಯುತ್ತದೆ. ತಿಂಗಳುಗಟ್ಟಲೆ ಮೊದಲೇ ಕೆಲಸ ಮುಗಿಸಿ ಬಂದು ಸಂಜೆ ಹೊತ್ತು ಅಭ್ಯಾಸ ಮಾಡುತ್ತಾರೆ. ಸುಮ್ನೆ ಹೋಗಿ ಕೂರಬೇಡ. ಆ ರಾತ್ರಿಯ ಕಥೆ ಏನು ಅಂತ ಮೊದಲೇ ತಿಳಿದುಕೋ. ಹೋಟೆಲುಗಳಲ್ಲಿ ಊಟದ ಜೊತೆ ತೋರಿಸುವ ಕುಣಿತ ಕೆಟ್ಟದ್ದೇನಲ್ಲ, ಆದರೆ ಅದು ನಮಗೋಸ್ಕರ ಮಾಡುವುದು. ಹೇವಾದಲ್ಲಿ ಅವರು ತಮ್ಮವರ ಮುಂದೆ, ತಮ್ಮವರ ನಡುವೆ ಗೆಲ್ಲಬೇಕು ಅಂತ ಕುಣಿಯುತ್ತಾರೆ. ನೋಡಬೇಕಾದ್ದು ಅದು.

ಹಗಲಲ್ಲಿ ಆಟಗಳು. ನಿನಗೆ ಇವು ಜಾಸ್ತಿ ಹಿಡಿಸುತ್ತವೆ. ನಿಮ್ಮೂರ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುತ್ತಾರಲ್ಲ, ಹಾಗೇ ಅಲ್ಲಿಯೂ ನುಣುಪಾದ ದುಂಡು ಕಲ್ಲನ್ನು ಹೆಗಲಿಗೇರಿಸುತ್ತಾರೆ. ಬೊಂಬಿನ ಎರಡೂ ತುದಿಗೆ ಬಾಳೆಗೊನೆ, ಗೆಡ್ಡೆ ಕಟ್ಟಿ, ಹೆಗಲ ಮೇಲಿಟ್ಟು ಬರಿಗಾಲಲ್ಲಿ ಓಡುತ್ತಾರೆ. ಎತ್ತರದ ಕಂಬದ ತುದಿಯ ತೆಂಗಿನಕಾಯಿಗೆ ದೂರದಿಂದ ಈಟಿ ಎಸೆಯುತ್ತಾರೆ. ತೆಂಗಿನಮರ ಹತ್ತುವುದು, ಕಾಯಿ ಸುಲಿಯುವುದೂ ಉಂಟು. ಎಲ್ಲವೂ ದಿನನಿತ್ಯದ ಕೆಲಸದಿಂದ ಹುಟ್ಟಿದ ಆಟಗಳು.

ಜುಲೈ ಆಗದಿದ್ದರೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರದ ಹೊತ್ತಿಗೆ ನೋಡು. ಆಗ ‘ಹವಾಯ್ಕಿ ನುಯಿ ವಾಆ’ ದೋಣಿ ಸ್ಪರ್ಧೆ. 1992ರಲ್ಲಿ ಶುರುವಾದದ್ದು. ಫ್ರೆಂಚ್ ಪಾಲಿನೇಷ್ಯಾದ ಹುಆಹಿನೆ ದ್ವೀಪದಿಂದ ರಾಯತೆಯಾ ದ್ವೀಪ, ಅಲ್ಲಿಂದ ತಹಾ, ಕೊನೆಗೆ ಬೋರಾ ಬೋರಾ. ಮೂರು ದಿನ, 125 ಕಿ.ಮೀ.ಗೂ ಹೆಚ್ಚು. ಒಂದು ದೋಣಿಯಲ್ಲಿ ಆರು ಜನ, ನಡುವೆ ಬದಲಿ ಇಲ್ಲ. ಕೊನೆಯ ದಿನ ಬೋರಾ ಬೋರಾದ ದಡದಲ್ಲಿ ಜನ ಸೊಂಟದವರೆಗೆ ನೀರಿಗಿಳಿದು ಕಾಯುತ್ತಾರೆ.

ಫಿಜಿಯನ್ನು ಮರೆತಿಲ್ಲ. 1903ರಿಂದ ಮದ್ರಾಸಿನ ಹಡಗುಗಳಲ್ಲಿ ಕಬ್ಬಿನ ತೋಟದ ಕೂಲಿಗೆ ಹೋದವರ ಮೊಮ್ಮಕ್ಕಳು, ಮರಿಮಕ್ಕಳು ಇಂದಿಗೂ ಅಮ್ಮನ ಗುಡಿಯ ಮುಂದೆ ಕೆಂಡ ಹಾಯುತ್ತಾರೆ. ಅದೇ ದೇಶದ ಬೆಂಗಾ ದ್ವೀಪದ ಸವಾವು ಬುಡಕಟ್ಟಿನ ಜನ ಕಾದ ಕಲ್ಲಿನ ಮೇಲೆ ನಡೆಯುತ್ತಾರೆ. ಇದರ ಬಗ್ಗೆ ಇನ್ನೊಂದು ಪತ್ರವೇ ಬರೆಯಬೇಕು.

ಈಗ ಕೆಲಸದ ಮಾತು. ತಾಹಿತಿ ಫ್ರಾನ್ಸಿಗೆ ಸೇರಿದ್ದಾದರೂ, ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ವಲಯದಲ್ಲಿ ಇಲ್ಲ. ಷೆಂಗೆನ್ ವೀಸಾ ಇದೆ ಅಂತ ನಿಶ್ಚಿಂತೆಯಿಂದ ಹೊರಡಬೇಡ, ಫ್ರೆಂಚ್ ಪಾಲಿನೇಷ್ಯಾಕ್ಕೆ ಎಂದೇ ಕೇಳಿ ಮಾಡಿಸು. ಇಲ್ಲಿಂದ ವಿಮಾನದಲ್ಲಿ ಸುಮಾರು 5 ಗಂಟೆ. ದಿನಾಂಕ ರೇಖೆ ದಾಟುವುದರಿಂದ ಬುಧವಾರ ಹೊರಟರೆ ಮಂಗಳವಾರ ಇಳಿಯುತ್ತೀಯ. ರೂಮ್ ಬುಕ್ ಮಾಡುವಾಗ ತಾರೀಕು ಸರಿಯಾಗಿ ನೋಡು. ಹೇವಾದ ಟಿಕೆಟ್ ಮುಂಚೆಯೇ ತೆಗೆದುಕೋ, ಕೊನೆಯ ರಾತ್ರಿಗಳಿಗೆ ಊರವರದೇ ನೂಕುನುಗ್ಗಲು.

ಜುಲೈಗೆ ರಜೆ ಸಿಗುತ್ತಾ ಅಂತ ಆಫೀಸಿನಲ್ಲಿ ಕೇಳಿ ಬೇಗ ತಿಳಿಸು. ನಾನೂ ಜೊತೆಗೆ ಬರುತ್ತೇನೆ. ಅವ್ವನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಗೆಳೆಯ