ಬಲಗೈ ಮಣಿಕಟ್ಟಿನ ಬಗ್ಗೆ, ಅನಘಳಿಗೆ

ಸಾಗರ

ಚಿರಂಜೀವಿ ಅನಘಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಹಿಮದ ವಿಚಾರ, ಮಗುವಿನ ವಿಚಾರ ಎಲ್ಲವನ್ನೂ ಓದಿ ಸಂತೋಷವಾಯಿತು. ಆದರೆ ಕೊನೆಯಲ್ಲಿ, ಯಾರ ಕಣ್ಣಿಗೂ ಬೀಳದಿರಲಿ ಎಂಬಂತೆ ಸಣ್ಣಕ್ಷರದಲ್ಲಿ ಬರೆದ ಒಂದು ಸಾಲು ನನಗೆ ಎರಡು ರಾತ್ರಿ ನಿದ್ದೆ ಕೊಡಲಿಲ್ಲ. ಬಲಗೈ ಮಣಿಕಟ್ಟು ಸಂಜೆಯ ಹೊತ್ತಿಗೆ ಬಾತುಕೊಳ್ಳುತ್ತಿದೆ, ಆದರೂ ಒಂದು ವಾರ ಕ್ಲಿನಿಕ್ಕಿನ ಬಾಗಿಲು ಹಾಕಲು ಭಯವಾಗುತ್ತದೆ ಎಂದು ಬರೆದಿದ್ದೀಯೆ.

ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಸರಿಪಡಿಸುವ ನಿಮ್ಮ ಕೈರೋಪ್ರಾಕ್ಟಿಕ್ ವಿದ್ಯೆಯ ಹೆಸರಿನಲ್ಲೇ ಕೈ ಇದೆ, ಅದು ಗ್ರೀಕ್ ಮಾತು ಎಂದು ಹಿಂದೊಮ್ಮೆ ನೀನೇ ಹೇಳಿದ್ದೆ. (1895ರಲ್ಲಿ ಅಮೆರಿಕದ ಡ್ಯಾವೆನ್‌ಪೋರ್ಟಿನಲ್ಲಿ ಈ ವಿದ್ಯೆಯನ್ನು ಆರಂಭಿಸಿದ ಪಾಮರ್ ಬೆನ್ನು ಒತ್ತಿದ ಕೂಡಲೇ ಕಿವುಡನಿಗೆ ಕಿವಿ ಕೇಳಿಸಿತೆಂಬ ಕಥೆಯನ್ನು ನಾನು ಈಗಲೂ ನಂಬುವುದಿಲ್ಲ, ಅದಿರಲಿ.) ಅಮೆರಿಕ ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್ ಕೂಡ ನಿಮ್ಮವರಿಗೆ ಬೆನ್ನುಮೂಳೆಯನ್ನು ಕೈಯಿಂದ ಸರಿಪಡಿಸಿದ್ದಕ್ಕೆ ಮಾತ್ರ ಹಣ ಕೊಡುತ್ತದೆ, ನೀವು ಮಾಡುವ ಪರೀಕ್ಷೆಗೂ ಎಕ್ಸ್‌ರೇಗೂ ಕೊಡುವುದಿಲ್ಲ. ಹೀಗಿರುವಾಗ ಕೈ ನಿಂತ ದಿನವೇ ಗಳಿಕೆಯೂ ನಿಲ್ಲುತ್ತದೆ. ಬಾಡಿಗೆಯಾಗಲಿ ಓದಿನ ಸಾಲದ ಕಂತಾಗಲಿ ನಿಲ್ಲುವುದಿಲ್ಲ. ದಿನವಿಡೀ ಬೆನ್ನು ಒತ್ತಿದ ಅದೇ ಕೈಯಿಂದ ರಾತ್ರಿ ಕುಳಿತು ಬಿಲ್ಲುಗಳನ್ನು ಟೈಪು ಮಾಡುವವಳೂ ನೀನೇ.

ಈ ಭಯ ನನಗೆ ಗೊತ್ತು. ಪೇಟೆಯ ಮಹಡಿಯಲ್ಲಿ ಒಬ್ಬನೇ ಹಲ್ಲಿನ ಆಸ್ಪತ್ರೆ ನಡೆಸಿದ 31 ವರ್ಷಗಳಲ್ಲಿ ಮುಚ್ಚಿದ ಬಾಗಿಲಿಗೆ ಹೆದರಿದಷ್ಟು ನಾನು ಇನ್ನಾವುದಕ್ಕೂ ಹೆದರಿದವನಲ್ಲ. 1994ರ ಅಡಿಕೆ ಕೊಯ್ಲಿನ ಸಮಯ. ತೋಟದವರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ. ನನ್ನ ಹೆಬ್ಬೆರಳಿನ ಬುಡ ಊದಿ, ಇಕ್ಕಳ ಹಿಡಿದರೆ ಕೈ ನಡುಗುತ್ತಿತ್ತು. ಆದರೂ ಒಬ್ಬ ಹಿರಿಯರ ದವಡೆ ಹಲ್ಲಿಗೆ ಕೈ ಹಾಕಿದೆ. ಅರ್ಧದಲ್ಲಿ ಹಿಡಿತ ತಪ್ಪಿ ಹಲ್ಲು ಮುರಿದು, ಬೇರು ಒಳಗೇ ಉಳಿಯಿತು. "ಹಲ್ಲು ಟೊಳ್ಳಾಗಿತ್ತು, ಯಜಮಾನರೇ" ಎಂದೆ. ನಾಲ್ಕನೆಯ ದಿನ ಅವರು ಊದಿದ ಕೆನ್ನೆಗೆ ಟವೆಲ್ಲು ಸುತ್ತಿಕೊಂಡು ಬಸ್ಸಿನಲ್ಲಿ ಬಂದರು, ಒಂದು ಮಾತೂ ಆಡದೆ ಬೇರು ತೆಗೆಸಿಕೊಂಡರು, ಎರಡನೆಯ ಸಲದ ಫೀಸನ್ನೂ ಮೇಜಿನ ಮೇಲಿಟ್ಟರು. ನಾನು ಅದನ್ನು ತೆಗೆದುಕೊಂಡೆ. ಇದನ್ನು ನಿನ್ನ ದೊಡ್ಡಮ್ಮನಿಗೂ ಹೇಳಿದವನಲ್ಲ.

ಆದ್ದರಿಂದ ನನ್ನ ಆತಂಕ ನಿನ್ನ ಗಳಿಕೆಯ ಬಗ್ಗೆ ಮಾತ್ರವಲ್ಲ. ನೋಯುವ ಕೈ ಅಳತೆ ತಪ್ಪುತ್ತದೆ, ಮತ್ತು ಆ ಕೈಯ ಕೆಳಗಿರುವುದು ಇನ್ನೊಬ್ಬರ ಕುತ್ತಿಗೆ.

ನಿನ್ನ ವೃತ್ತಿಯ ಒಳಹೊರಗು ತಿಳಿಯದವನು ಸಲಹೆ ಕೊಡುವುದು ಅಧಿಕಪ್ರಸಂಗವೇ ಸರಿ. ಒತ್ತಿದಾಗ ತುಸು ಕೆಳಗಿಳಿದು ಕೈಯ ಶ್ರಮ ತಗ್ಗಿಸುವ ಡ್ರಾಪ್ ಟೇಬಲ್ ಕೊಳ್ಳುವುದು ದುಬಾರಿಯೇ? ಕೈ ಕೆಟ್ಟು ಈ ಕೆಲಸ ಮಾಡಲಾಗದಿದ್ದರೆ ಹಣ ಕೊಡುವ ವಿಮೆ ಮಾಡಿಸಿದ್ದೀಯಾ? ಈಗ ಹೋದರೆ ಮಣಿಕಟ್ಟನ್ನು ಹೊರಗಿಟ್ಟು ವಿಮೆ ಕೊಡುತ್ತೇವೆ ಎನ್ನಬಹುದು. ಹಾಗೆಂದು ನೋವನ್ನು ಮುಚ್ಚಿಟ್ಟು ಅರ್ಜಿ ತುಂಬಬೇಡ. ನಿನ್ನದೇ ರಾಜ್ಯದ ಲೈಸೆನ್ಸ್ ಇರುವ ಸಹಪಾಠಿ ಯಾರಾದರೂ ವಾರಕ್ಕೆರಡು ದಿನ ಬಂದು ಕೂರುವುದಾದರೆ, ಗಳಿಕೆಯಲ್ಲಿ ಅರ್ಧ ಹೋದರೂ ಬಾಗಿಲು ತೆರೆದಿರುತ್ತದೆ. ನನಗೂ ಅಂಥ ಒಬ್ಬ ಗೆಳೆಯ ಶಿವಮೊಗ್ಗದಲ್ಲಿದ್ದ. ರೋಗಿಗಳು ಅವನ ಹಿಂದೆಯೇ ಹೋದಾರೆಂದು ನಾನು ಕರೆಯಲಿಲ್ಲ.

ಕೈಯನ್ನು ಬೇರೆಯವರಿಗೆ ತೋರಿಸು, ನೀನೇ ನೋಡಿಕೊಳ್ಳಬೇಡ. ರಾತ್ರಿ ಬೆರಳುಗಳು ಜೋಮು ಹಿಡಿಯುತ್ತವೆಯೇ, ಹಿಡಿದರೆ ಯಾವ ಬೆರಳುಗಳು ಎಂಬುದನ್ನು ಮುಂದಿನ ಪತ್ರದಲ್ಲಿ ಮರೆಯದೆ ಬರೆ. ಎಡಗೈಯಲ್ಲಿ ಬರೆದರೂ ಓದಿಕೊಳ್ಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ